ಹೊಲದ ಚಾಕು ತಯಾರಿಕೆ: ಕೈ ಪಳಗಿದಷ್ಟಕ್ಕೆ ತಕ್ಕ ಸಾಮಗ್ರಿಯ ಆಯ್ಕೆ

ಕಳೆದ ಹಿಂಗಾರಿ ಜೋಳದ ಕೊಯ್ಲಿನ ಕಾಲದಲ್ಲಿ ಬಳ್ಳಾರಿ ತಾಲ್ಲೂಕಿನ ಹಲಕುಂದಿಯಲ್ಲಿ ರೈತರೊಬ್ಬರ ಹೊಲಕ್ಕೆ ಹೋಗಿದ್ದೆ. ಮನೆಗೆ ಕರೆದೊಯ್ದು ಚಹಾ ಕೊಟ್ಟ ಮೇಲೆ ಅವರು ಮಂಚದ ಕೆಳಗಿನಿಂದ ಒಂದು ರಟ್ಟಿನ ಪೆಟ್ಟಿಗೆಯನ್ನು ಎಳೆದು ತೋರಿಸಿದರು. ಅದರಲ್ಲಿ ಎರಡು ಉಕ್ಕಿನ ಪಟ್ಟಿ, ಒಂದು ಗ್ಯಾಸ್ ಬರ್ನರು, ಇಕ್ಕಳ, ಸಾಣೆ ಚಕ್ರ, ಮರದ ಹೋಳುಗಳು ಇದ್ದವು. ಚಾಕು ತಯಾರಿಸುವ ಸಾಮಗ್ರಿ ಎಂದು ಅಂಚೆಯಲ್ಲಿ ತರಿಸಿ ಎಂಟು ತಿಂಗಳಾಗಿತ್ತು. ಪಟ್ಟಿಯ ಮೇಲೆ ತುಕ್ಕು ಹತ್ತಿತ್ತು. "ಸಾಹೇಬ್ರ, ಎಲ್ಲಾ ಐತಿ, ಚಾಕು ಒಂದೇ ಇಲ್ಲ" ಎಂದು ನಕ್ಕರು. ಅದೇ ಹೊತ್ತಿಗೆ ಅವರ ಹೊಲದಲ್ಲಿ ಹೆಣ್ಣಾಳುಗಳು ಬಾಯಿ ಮಂಡಾದ ಕುಡುಗೋಲುಗಳಿಂದ ದಂಟನ್ನು ಕೊಯ್ಯುವ ಬದಲು ಜಗ್ಗಿ ಹರಿಯುತ್ತಿದ್ದರು.

ಅವರು ಕೊಂಡ ವಸ್ತು ಕೆಟ್ಟದ್ದಲ್ಲ. ಆದರೆ ಅದು ಬೆಂಕಿಯ ಕೆಲಸ ಬಲ್ಲವನಿಗೆ ತಕ್ಕ ಪೆಟ್ಟಿಗೆ. ಅವರ ಕೈ ಇನ್ನೂ ಸಾಣೆಯನ್ನೂ ಹಿಡಿದಿರಲಿಲ್ಲ. ಇಂಥ ತಪ್ಪು ಈಗ ಅನೇಕ ಕಡೆ ಆಗುತ್ತಿದೆ. ಆದುದರಿಂದ ಹೊಲ, ತೋಟಗಳ ಕೆಲಸಕ್ಕೆ ಬೇಕಾದ ಸಣ್ಣ ಚಾಕುವನ್ನು ಸ್ವತಃ ಮಾಡಿಕೊಳ್ಳಬಯಸುವ ರೈತರು ತಮ್ಮ ಕೈ ಪಳಗಿದ ಮಟ್ಟಕ್ಕೆ ತಕ್ಕ ಸಾಮಗ್ರಿಯನ್ನು ಆರಿಸಿಕೊಳ್ಳುವುದು ಹೇಗೆಂಬುದನ್ನು ಈ ಲೇಖನದಲ್ಲಿ ತಿಳಿಸಲಾಗಿದೆ.

ಯಾವ ಕೆಲಸಕ್ಕೆ ಯಾವ ಚಾಕು?

ಪೆಟ್ಟಿಗೆ ಕೊಳ್ಳುವ ಮುನ್ನ ಚಾಕುವಿನಿಂದ ಆಗಬೇಕಾದ ಕೆಲಸವನ್ನು ನಿಶ್ಚಯಿಸಿಕೊಳ್ಳಬೇಕು.

1. ತರಕಾರಿ ಕೊಯ್ಯಲು, ಈರುಳ್ಳಿಯ ತಲೆ ಕತ್ತರಿಸಲು, ಹಗ್ಗ ಮತ್ತು ಚೀಲದ ದಾರ ಕೊಯ್ಯಲು 8ರಿಂದ 10 ಸೆಂ.ಮೀ. ಉದ್ದದ ನೇರ ಅಲಗು ಸಾಕು. ಎರಡೂ ಪಕ್ಕದಿಂದ ಸಾಣೆ ಹಿಡಿದಿರಬೇಕು.

2. ಬೋರೆಗೆ ಕಣ್ಣು ಹಾಕಲು, ಮಾವಿಗೆ ಕಸಿ ಕಟ್ಟಲು, ದಾಳಿಂಬೆಗೆ ಗೂಟಿ ಕಟ್ಟಲು 5ರಿಂದ 7 ಸೆಂ.ಮೀ. ಉದ್ದದ ತೆಳು ಅಲಗು ಬೇಕು. ಕಸಿ ಚಾಕುವಿಗೆ ಒಂದೇ ಪಕ್ಕದಲ್ಲಿ ಇಳಿಜಾರು ಇದ್ದು ಇನ್ನೊಂದು ಪಕ್ಕ ಚಪ್ಪಟೆಯಾಗಿರುವುದು ಒಳ್ಳೆಯದು. ಆಗ ಕೊಯ್ದ ಮೈ ಸಪಾಟಾಗಿ, ಕಸಿಕಡ್ಡಿ ಮತ್ತು ಬೇರುಗಿಡ ಸಂದಿಲ್ಲದೆ ಕೂಡಿಕೊಳ್ಳುತ್ತವೆ.

3. ಜೋಳ, ಹುಲ್ಲು ಕೊಯ್ಯುವ ಕುಡುಗೋಲಿನ ಬಾಗು ಸುತ್ತಿಗೆಯಿಂದಲೇ ಬರಬೇಕಾದದ್ದು. ಭತ್ತದ ಹಲ್ಲು ಕುಡುಗೋಲಿಗೆ ಹಲ್ಲು ಕಡಿಯುವುದು ಬೇರೆಯೇ ವಿದ್ಯೆ. ಇವೆರಡನ್ನೂ ಹೊಸಬರು ಮಾಡಹೋಗದೆ ಅಲಗನ್ನು ಕಂಬಾರರಿಂದ ಪಡೆದು ಹಿಡಿಯನ್ನು ಮಾತ್ರ ತಾವು ಕೂಡಿಸಬಹುದು.

ಕೆಲವು ಪೆಟ್ಟಿಗೆಗಳಲ್ಲಿ ಎರಡು ಬಾಯಿಯ ಬಾಕು, ಬೇಟೆ ಚಾಕುಗಳ ನಮೂನೆಯ ಅಲಗು ಇರುತ್ತದೆ. ಹೊಲದಲ್ಲಿ ಇವುಗಳಿಂದ ಕೆಲಸವಿಲ್ಲ. ಜೇಬಿನಲ್ಲಿಟ್ಟುಕೊಂಡು ಸಂತೆಗೆ ಹೋದರೆ ತೊಂದರೆಯೇ ಹೆಚ್ಚು.

ಚಾಕುವಿನ ಹಿಂದೆ ಮೂರು ವಿದ್ಯೆ

ಸಿದ್ಧವಾದ ಚಾಕು ಒಂದೇ ವಸ್ತುವಿನಂತೆ ಕಂಡರೂ ಅದರ ಹಿಂದೆ ಮೂರು ಬೇರೆ ಬೇರೆ ವಿದ್ಯೆಗಳಿವೆ: ಹಿಡಿ ಕೂಡಿಸುವುದು, ಸಾಣೆಯಿಂದ ಆಕಾರ ಮತ್ತು ಬಾಯಿ ತೆಗೆಯುವುದು, ಬೆಂಕಿಯಿಂದ ಗಡಸು ಮತ್ತು ಹದ ಕೊಡುವುದು.

ಕೆಲಸವನ್ನು ಹೀಗೆ ಹಂತಹಂತವಾಗಿ ಒಡೆದುಕೊಳ್ಳುವುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಬಳ್ಳಾರಿಗೆ ಸಮೀಪದ ಸಂಗನಕಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಜನ ಡಾಲರೈಟ್ ಕಲ್ಲಿನಿಂದ ಕೊಡಲಿಗಳನ್ನು ಮಾಡುತ್ತಿದ್ದರು. ಈ ನೆಲೆಯನ್ನು 1872ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಗುರುತಿಸಿದರು. ಮೊದಲು ಚಕ್ಕೆ ಎಬ್ಬಿಸಿ ಕಲ್ಲನ್ನು ಆಕಾರಕ್ಕೆ ತರುವುದು, ಅನಂತರ ಕುಟ್ಟಿ ಏರುತಗ್ಗು ಸರಿಪಡಿಸುವುದು, ಕೊನೆಗೆ ಬಂಡೆಗೆ ಉಜ್ಜಿ ಬಾಯಿ ತೆಗೆಯುವುದು ಅವರ ಕ್ರಮವಾಗಿತ್ತು. ಅರ್ಧಕ್ಕೆ ನಿಂತ ಕೊಡಲಿಗಳೂ ಅಲ್ಲಿ ದೊರೆತಿವೆ. ಚಾಕು ಕಲಿಯುವವರೂ ಒಂದೊಂದೇ ಮೆಟ್ಟಿಲು ಹತ್ತುವುದು ಕ್ಷೇಮ. ಆದರೆ ಕಲಿಯುವ ಕ್ರಮ ತಯಾರಿಕೆಯ ಕ್ರಮಕ್ಕೆ ತಿರುಗುಮುರುಗು: ಕೊನೆಯ ಕೆಲಸವಾದ ಹಿಡಿಯನ್ನು ಮೊದಲು ಕಲಿಯಬೇಕು, ಮೊದಲ ಕೆಲಸವಾದ ಬೆಂಕಿಯನ್ನು ಕೊನೆಗೆ.

ಮೊದಲನೆಯ ಮೆಟ್ಟಿಲು: ಹಿಡಿ ಕೂಡಿಸುವವರಿಗೆ

ಸುತ್ತಿಗೆ, ಅರ, ಕೈಗರಗಸ ಇಷ್ಟನ್ನು ಬಳಸಬಲ್ಲ ಯಾವ ರೈತರೂ ಇಲ್ಲಿಂದ ಆರಂಭಿಸಬಹುದು. ಗಡಸು, ಹದ, ಸಾಣೆ ಎಲ್ಲ ಮುಗಿದ ಅಲಗು ಇರುವ ಪೆಟ್ಟಿಗೆಯನ್ನು ಆರಿಸಬೇಕು. ಅಲಗು ಹಿಡಿಯ ಕೊನೆಯವರೆಗೂ ಒಂದೇ ಪಟ್ಟಿಯಾಗಿರಬೇಕು. ಮೊಳೆಗಳಿಗೆ ತೂತು ಮೊದಲೇ ಕೊರೆದಿರಬೇಕು. ಗಡಸಾದ ಉಕ್ಕಿನಲ್ಲಿ ಮನೆಯ ಬೈರಿಗೆಯಿಂದ ತೂತು ಬೀಳುವುದಿಲ್ಲ. ಇದರೊಡನೆ ಎರಡು ಮರದ ಹೋಳು, ಹಿತ್ತಾಳೆಯ ಸರಳು, ಎಪಾಕ್ಸಿ ಅಂಟು ಇದ್ದರೆ ಪೆಟ್ಟಿಗೆ ಪೂರ್ಣವಾಯಿತು.

ಪೆಟ್ಟಿಗೆಯಲ್ಲಿ ಮರ ಬಾರದಿದ್ದರೆ ಚಿಂತೆಯಿಲ್ಲ. ನಮ್ಮ ಕರಿಜಾಲಿ ಹಿಡಿಗೆ ಉತ್ತಮ. ಹುಣಸೆ, ತೇಗವೂ ಆಗುತ್ತವೆ. ಆದರೆ ಹಸಿಮರ ಸಲ್ಲದು. ಹೋಳು ಮಾಡಿದ ಮರ ನೆರಳಿನಲ್ಲಿ ಒಂದು ಬೇಸಿಗೆಯಾದರೂ ಕಳೆದಿರಬೇಕು. ಇಲ್ಲವಾದರೆ ಬಳ್ಳಾರಿಯ ಏಪ್ರಿಲ್-ಮೇ ಬಿಸಿಲಿಗೆ ಮರ ಕುಗ್ಗಿ ಹಿಡಿ ಸಡಿಲವಾಗುತ್ತದೆ.

ಕೂಡಿಸುವ ಕ್ರಮ:

1. ಎಲ್ಲಕ್ಕಿಂತ ಮೊದಲು ಅಲಗಿನ ಬಾಯಿಗೆ ದಪ್ಪ ಕಾಗದ ಸುತ್ತಿ ಅಂಟುಪಟ್ಟಿ ಬಿಗಿಯಬೇಕು. ಈ ಮೆಟ್ಟಿಲಿನಲ್ಲಿ ಕೈ ಕೊಯ್ದುಕೊಳ್ಳುವವರು ಬಹುತೇಕ ಇದನ್ನು ಮರೆತವರೇ.

2. ಚಾಕು ಬಳಸುವವರ ಅಂಗೈ ಅಗಲವನ್ನು ಅಳೆದು ಅದಕ್ಕೆ 2 ಸೆಂ.ಮೀ. ಸೇರಿಸಿದರೆ ಹಿಡಿಯ ಉದ್ದ ದೊರೆಯುತ್ತದೆ. ಚಾಕು ಹೆಣ್ಣುಮಕ್ಕಳ ಕೈಗೆ ಹೋಗುವುದಾದರೆ ಅವರ ಕೈಯನ್ನೇ ಅಳೆಯಬೇಕು. ಗಂಡಸರ ಅಳತೆಯ ದಪ್ಪ ಹಿಡಿಯಿಂದ ಅವರ ಮಣಿಕಟ್ಟು ಬೇಗ ಸೋಲುತ್ತದೆ.

3. ಉಕ್ಕಿನ ಮತ್ತು ಮರದ ಕೂಡುವ ಮೈಗಳನ್ನು ಉಪ್ಪುಕಾಗದದಿಂದ ಒರಟು ಮಾಡಿ, ಸ್ಪಿರಿಟ್‌ನಿಂದ ಜಿಡ್ಡು ತೆಗೆಯಬೇಕು. ಅನಂತರ ಆ ಮೈಯನ್ನು ಬೆರಳಿನಿಂದ ಮುಟ್ಟಬಾರದು.

4. ಅಂಟಿನ ಎರಡು ಭಾಗಗಳನ್ನು ಚೀಟಿಯಲ್ಲಿ ಹೇಳಿದ ಪ್ರಮಾಣದಲ್ಲೇ ಬೆರೆಸಬೇಕು. ಬಿಸಿಲಿನ ದಿನಗಳಲ್ಲಿ ಅಂಟು ಬೇಗ ಗಟ್ಟಿಯಾಗುವುದರಿಂದ ಈ ಕೆಲಸವನ್ನು ಬೆಳಗಿನ ತಂಪಿನಲ್ಲಿ ಮಾಡಬೇಕು.

5. ಸರಳು ತೂರಿಸಿ ಹೋಳುಗಳನ್ನು ಬಿಗಿಯಬೇಕು. ಅಂಟೆಲ್ಲ ಹೊರಗೆ ಹಿಂಡಿ ಹೋಗುವಷ್ಟು ಬಿಗಿಯಬಾರದು. 24 ಗಂಟೆ ಮುಟ್ಟದೆ ಬಿಡಬೇಕು.

6. ಹಿಡಿಯನ್ನು ಅರದಿಂದ ಮೊಟ್ಟೆಯಾಕಾರಕ್ಕೆ ತರಬೇಕು. ಪೂರ್ತಿ ಗುಂಡಾದ ಹಿಡಿ ಬೆವರಿದ ಕೈಯಲ್ಲಿ ತಿರುಗುತ್ತದೆ. ಕೊನೆಗೆ ಅಗಸೆ ಎಣ್ಣೆಯನ್ನು ತೆಳುವಾಗಿ ಸವರಬೇಕು.

ಒಂದು ಹಂಗಾಮು ಬಳಸಿದ ಮೇಲೆ ಮರಕ್ಕೂ ಉಕ್ಕಿಗೂ ನಡುವೆ ತೆಳು ಕಾಗದವೂ ತೂರದಿದ್ದರೆ ನೀವು ಎರಡನೆಯ ಮೆಟ್ಟಿಲಿಗೆ ಅರ್ಹರು.

ಎರಡನೆಯ ಮೆಟ್ಟಿಲು: ಸಾಣೆ ಹಿಡಿಯುವವರಿಗೆ

ಇಲ್ಲಿ ಗಡಸಾದ, ಆದರೆ ಬಾಯಿ ತೆಗೆಯದ ಅಲಗನ್ನು ಕೊಳ್ಳಬೇಕು. ಗಡಸಾದ ಉಕ್ಕನ್ನು ಅರ ಹಿಡಿಯುವುದಿಲ್ಲವಾದ್ದರಿಂದ ಸಾಣೆಯೇ ಬೇಕು. ಕಾರ್ಖಾನೆಗಳಲ್ಲಿ ಬಳಸಿ ಬಿಟ್ಟ ಯಂತ್ರಗರಗಸದ ಅಲಗು ಗುಜರಿ ಅಂಗಡಿಯಲ್ಲಿ ಸಿಕ್ಕರೆ ಕಸಿ ಚಾಕುವಿಗೆ ಅದೂ ಒಳ್ಳೆಯದು. ಇವುಗಳಲ್ಲಿ ಹೆಚ್ಚಿನವನ್ನು ಶಾಖಕ್ಕೆ ಬೇಗ ಮೆತ್ತಗಾಗದ ವಿಶೇಷ ಉಕ್ಕಿನಿಂದ ಮಾಡಿರುತ್ತಾರೆ. ಆದರೆ ಅದು ಪೆಡಸು; ಬಗ್ಗಿಸಿದರೆ ಚೂರಾಗಿ ಸಿಡಿಯುತ್ತದೆ.

ಸಾಧನಗಳಲ್ಲಿ ಕೈಯಿಂದ ತಿರುಗಿಸುವ ಸಾಣೆ ಚಕ್ರ, ಒರಟು ಮತ್ತು ನುಣುಪು ಎರಡು ಮುಖದ ಸಾಣೆಕಲ್ಲು, ಒಂದು ಬಕೆಟ್ ನೀರು ಇಷ್ಟು ಸಾಕು. ವೇಗವಾಗಿ ತಿರುಗುವ ವಿದ್ಯುತ್ ಚಕ್ರವನ್ನು ಮೊದಲ ವರ್ಷ ಕೊಳ್ಳದಿರುವುದು ಲೇಸು. ಇದಕ್ಕೆ ಕಾರಣವಿದೆ. ಅಲಗಿನ ತೆಳು ಅಂಚು ಕ್ಷಣಮಾತ್ರದಲ್ಲಿ ಕಾದು ನೀಲಿಯಾಗುತ್ತದೆ. ಸಾದಾ ಇಂಗಾಲದ ಉಕ್ಕಿನಲ್ಲಿ ನೀಲಿ ಬಣ್ಣ ಬಂದಿತೆಂದರೆ ಅಲ್ಲಿ ಶಾಖ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಗಡಸು ಇಳಿದಿದೆ ಎಂದು ಅರ್ಥ. ಮೇಲಿನ ಬಣ್ಣವನ್ನು ಉಜ್ಜಿ ತೆಗೆದರೂ ಹೋದ ಗಡಸು ಮರಳುವುದಿಲ್ಲ.

ಇದನ್ನು ನಾನು ನಷ್ಟ ಮಾಡಿಕೊಂಡೇ ಕಲಿತೆ. ನೌಕರಿಗೆ ಸೇರಿದ ಹೊಸತರಲ್ಲಿ ಬೋರೆ ಗಿಡಗಳಿಗೆ ಕಣ್ಣು ಹಾಕುವ ಹಿಂದಿನ ಸಂಜೆ ಚಾಕುವನ್ನು ಅವಸರದಲ್ಲಿ ಒಣ ವಿದ್ಯುತ್ ಚಕ್ರಕ್ಕೆ ಹಿಡಿದೆ. ತುದಿ ನೀಲಿಯಾದದ್ದನ್ನು ಕಂಡರೂ ಉಜ್ಜಿ ಬೆಳ್ಳಗೆ ಮಾಡಿ ಸುಮ್ಮನಾದೆ. ಮರುದಿನ ಹತ್ತಿಪ್ಪತ್ತು ಗಿಡಗಳಾಗುವಷ್ಟರಲ್ಲಿ ಬಾಯಿ ಮಡಚಿಕೊಂಡು ತೊಗಟೆ ಹರಿಯತೊಡಗಿತು. ಆದರೂ ಹಟದಿಂದ ಸಾಲು ಮುಗಿಸಿದೆ. ಆ ಸಾಲಿನಲ್ಲಿ ಬಹಳಷ್ಟು ಕಣ್ಣುಗಳು ಒಣಗಿಹೋದವು. ಚಾಕುವಿನ ಬೆಲೆ ಅಲ್ಪ. ಕಳೆದದ್ದು ಆ ಹಂಗಾಮು.

ಆದುದರಿಂದ ಸಾಣೆ ಹಿಡಿಯುವಾಗ ಅಲಗನ್ನು ಬರಿಗೈಯಿಂದ ಹಿಡಿದು, ಬೆರಳಿಗೆ ಬಿಸಿ ತಟ್ಟಿದ ಕೂಡಲೇ ನೀರಿಗೆ ಅದ್ದಬೇಕು. ಎರಡು ಮೂರು ಸಲ ಎಳೆದು ಒಂದು ಸಲ ಅದ್ದುವ ರೂಢಿ ಮಾಡಿಕೊಂಡರೆ ಇನ್ನೂ ಉತ್ತಮ.

ಬಾಯಿಯ ಕೋನವನ್ನು ಅಳೆಯಲು ಉಪಕರಣ ಬೇಕಿಲ್ಲ. ಚೌಕ ಕಾಗದದ ಮೂಲೆ 90 ಡಿಗ್ರಿ. ಅದನ್ನು ಕರ್ಣಕ್ಕೆ ಮಡಚಿದರೆ 45, ಇನ್ನೊಮ್ಮೆ ಮಡಚಿದರೆ ಇಪ್ಪತ್ತೆರಡೂವರೆ ಡಿಗ್ರಿಯಾಗುತ್ತದೆ. ತರಕಾರಿ ಚಾಕುವನ್ನು ಕಲ್ಲಿನ ಮೇಲೆ ಈ ಮಡಿಕೆಗಿಂತ ತುಸು ತಗ್ಗಿಸಿ, ಅಂದರೆ ಸುಮಾರು 20 ಡಿಗ್ರಿಗೆ, ಎರಡೂ ಪಕ್ಕ ಸಮವಾಗಿ ಎಳೆಯಬೇಕು. ಕಸಿ ಚಾಕುವಿಗೆ ಇಳಿಜಾರು ಪಕ್ಕದಲ್ಲಿ ಮಾತ್ರ ಇದೇ ಕೋನ ಕೊಟ್ಟು, ಚಪ್ಪಟೆ ಪಕ್ಕವನ್ನು ಕಲ್ಲಿಗೆ ಪೂರ್ತಿ ಒರಗಿಸಿ ಒಂದೆರಡು ಸಲ ಉಜ್ಜಿ ಸಿವುರು ತೆಗೆಯಬೇಕು.

ಬೇವಿನ ಪೆನ್ಸಿಲ್ ಗಾತ್ರದ ಹಸಿ ಕಡ್ಡಿಯನ್ನು ಓರೆಯಾಗಿ ಒಂದೇ ಎಳೆತಕ್ಕೆ ಕೊಯ್ದು ನೋಡಿ. ಕೊಯ್ದ ಮೈ ನುಣುಪಾಗಿ, ತೊಗಟೆ ಅಂಚಿನಲ್ಲಿ ಎದ್ದು ಬಾರದೆ ಇದ್ದರೆ ಬಾಯಿ ಸರಿಯಾಗಿದೆ. ನೀಲಿ ಬರಿಸದೆ ಇಂಥ ಮೂರು ಅಲಗು ಮಾಡಿದವರು ಮುಂದಿನ ಮೆಟ್ಟಿಲನ್ನು ಯೋಚಿಸಬಹುದು.

ಮೂರನೆಯ ಮೆಟ್ಟಿಲು: ಬೆಂಕಿ ಬಲ್ಲವರಿಗೆ

ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದಾಗ ಬರುವುದು ಗಡಸು. ಆಗ ಅಲಗು ಗಾಜಿನಂತೆ ಪೆಡಸಾಗಿರುತ್ತದೆ. ಮತ್ತೆ ಹಗುರವಾಗಿ ಕಾಯಿಸಿ ಆ ಪೆಡಸನ್ನು ಇಳಿಸುವುದೇ ಹದ. ಗಡಸಿಲ್ಲದ ಅಲಗು ಮಡಚುತ್ತದೆ, ಹದವಿಲ್ಲದ ಅಲಗು ಒಡೆಯುತ್ತದೆ.

ಈ ಗಡಸಿಗೆ ಆಧಾರ ಉಕ್ಕಿನಲ್ಲಿರುವ ಇಂಗಾಲ. ಸಂಡೂರಿನ ಅದಿರು, ತೋರಣಗಲ್ಲಿನ ಉಕ್ಕು ಕಾರ್ಖಾನೆ ಕಣ್ಣೆದುರಿಗೇ ಇರುವ ನಮ್ಮ ಸೀಮೆಯಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಆದರೆ ಎಲ್ಲ ಕಬ್ಬಿಣವೂ ಚಾಕುವಾಗುವುದಿಲ್ಲ. ಮನೆ ಕಟ್ಟಿ ಉಳಿದ ಟಿ.ಎಂ.ಟಿ. ಸರಳನ್ನು ಬಡಿದು ಚಾಕು ಮಾಡಲು ಹೊರಡುವವರಿದ್ದಾರೆ. ಆ ಸರಳಿನಲ್ಲಿ ಇಂಗಾಲ ಶೇಕಡಾ 0.3ನ್ನು ಮೀರದಂತೆ ತಯಾರಿಸಿರುತ್ತಾರೆ. ಅದರ ಹೊರಪದರದ ಗಟ್ಟಿತನವೂ ಕುಲುಮೆಯಲ್ಲಿ ಕಾಯಿಸಿದೊಡನೆ ಹೋಗುತ್ತದೆ. ಚಾಕುವಿಗೆ ಶೇಕಡಾ 0.5ಕ್ಕಿಂತ ಹೆಚ್ಚು ಇಂಗಾಲ ಬೇಕು. ಲಾರಿಯ ಕಮಾನುಪಟ್ಟಿಯಲ್ಲಿ ಸಾಧಾರಣವಾಗಿ ಇದು ಶೇಕಡಾ 0.5ರಿಂದ 0.6ರಷ್ಟಿರುತ್ತದೆ.

ಪೆಟ್ಟಿಗೆ ಕೊಳ್ಳುವುದಾದರೆ 1084 ಎಂಬ ಸಂಖ್ಯೆಯ ಉಕ್ಕು ಹೊಸಬರಿಗೆ ಅನುಕೂಲ. ಇಲ್ಲಿ 10 ಎಂದರೆ ಸಾದಾ ಇಂಗಾಲದ ಉಕ್ಕು, 84 ಎಂದರೆ ಸುಮಾರು ಶೇಕಡಾ 0.84 ಇಂಗಾಲ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕು ಮತ್ತು ಡಿ-2 ಎಂಬ ಉಕ್ಕಿಗೆ 1000 ಡಿಗ್ರಿಯ ಆಸುಪಾಸಿನ ಶಾಖವನ್ನು ಹೆಚ್ಚುಕಡಿಮೆಯಾಗದಂತೆ ಹಿಡಿದಿಡಬೇಕಾಗುತ್ತದೆ. ಇದ್ದಿಲ ಕುಲುಮೆಯಲ್ಲಿ ಅದು ಸಾಧ್ಯವಿಲ್ಲ.

ಗುಜರಿ ಪಟ್ಟಿಯನ್ನು ಬಳಸುವವರು ಎರಡು ಪರೀಕ್ಷೆ ಮಾಡಬೇಕು. ಮೊದಲನೆಯದು ಬಿರುಕಿನ ಪರೀಕ್ಷೆ. ಪಟ್ಟಿಗೆ ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತಿನ ನಂತರ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಬೇಕು. ಬಿರುಕಿದ್ದರೆ ಅಲ್ಲಿ ಎಣ್ಣೆ ಒಸರಿ ಗೆರೆ ಮೂಡುತ್ತದೆ. ಎರಡನೆಯದು ಇಂಗಾಲದ ಪರೀಕ್ಷೆ. ಒಂದು ತುಂಡನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿ ತಣಿದ ಮೇಲೆ ಅರ ಎಳೆದು ನೋಡಬೇಕು. ಅರ ಕಚ್ಚದೆ ಜಾರಿದರೆ ಉಕ್ಕು ಒಳ್ಳೆಯದು. ಕಚ್ಚಿದರೆ ಅದು ಮೆದುಕಬ್ಬಿಣ.

ಗಡಸು ಮತ್ತು ಹದ ಕೊಡುವ ಕ್ರಮ:

1. ಅಲಗಿನ ಆಕಾರ ಮುಗಿಸಿ, ಬಾಯಿಯನ್ನು ಸುಮಾರು ಒಂದು ಮಿ.ಮೀ. ದಪ್ಪ ಬಿಡಬೇಕು. ತೆಳುವಾದ ಅಂಚು ಬೆಂಕಿಯಲ್ಲಿ ಸುಟ್ಟುಹೋಗುತ್ತದೆ, ಇಲ್ಲವೆ ಸೊಟ್ಟಗಾಗುತ್ತದೆ.

2. ಇದ್ದಿಲ ಬೆಂಕಿಯಲ್ಲಿ ಸಮವಾಗಿ ಕಾಯಿಸುತ್ತ ಆಗಾಗ ಅಯಸ್ಕಾಂತಕ್ಕೆ ತೋರಿಸಬೇಕು. ಸುಮಾರು 770 ಡಿಗ್ರಿಯಲ್ಲಿ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ತುಸು ಹೆಚ್ಚು ಕೆಂಪೇರಿದರೆ ಸಾಕು. ಹಳದಿ ಬಿಳುಪಿಗೆ ಹೋದರೆ ಉಕ್ಕಿನ ಕಣ ದಪ್ಪವಾಗಿ ಅಲಗು ಪೊಳ್ಳಾಗುತ್ತದೆ. ಕೆಂಪು ಸರಿಯಾಗಿ ಕಾಣಬೇಕಾದರೆ ನೆರಳಿನಲ್ಲೇ ಕೆಲಸ ಮಾಡಬೇಕು.

3. ತಗಡಿನ ಡಬ್ಬಿಯಲ್ಲಿ ಎರಡು ಮೂರು ಲೀಟರ್ ಶೇಂಗಾ ಎಣ್ಣೆಯನ್ನು ಉಗುರುಬೆಚ್ಚಗಿಂತ ತುಸು ಹೆಚ್ಚು, ಅಂದರೆ 50-60 ಡಿಗ್ರಿಗೆ, ಕಾಯಿಸಿಟ್ಟಿರಬೇಕು. ಅಲಗನ್ನು ನೇರವಾಗಿ ಇಳಿಸಬೇಕು, ಅಡ್ಡಡ್ಡ ಆಡಿಸಬಾರದು. ಈ ಉಕ್ಕುಗಳನ್ನು ನೀರಿಗೆ ಅದ್ದಿದರೆ ಸೀಳುವ ಸಂಭವವಿದೆ.

4. ತಣಿದ ಅಲಗನ್ನು ಮರುದಿನಕ್ಕೆ ಬಿಡದೆ ಒಡನೆಯೇ ಹದಕ್ಕೆ ತರಬೇಕು. ಒಂದು ಪಕ್ಕವನ್ನು ಉಪ್ಪುಕಾಗದದಿಂದ ಬೆಳ್ಳಗೆ ಮಾಡಿ, ಬಾಣಲೆಯ ಬಿಸಿ ಮರಳಿನ ಮೇಲೆ ಬೆನ್ನು ಕೆಳಗಾಗಿ ಇಡಬೇಕು. ಬಣ್ಣ ಮೊದಲು ಒಣಹುಲ್ಲಿನ ಹಳದಿ (ಸುಮಾರು 220 ಡಿಗ್ರಿ), ಅನಂತರ ಕಂದು (255), ನೇರಳೆ (275), ಕೊನೆಗೆ ನೀಲಿ (300) ಬರುತ್ತದೆ. ಸಣ್ಣ ಚಾಕುವಿಗೆ ಒಣಹುಲ್ಲಿನ ಹಳದಿ ಬಂದೊಡನೆ ತೆಗೆಯಬೇಕು. ಕಲ್ಲು, ಬೇರಿಗೆ ತಾಗುವ ಕುಡುಗೋಲಿಗೆ ನೇರಳೆಯವರೆಗೆ ಬಿಡಬಹುದು.

ಓದಲು ಇದು ಸುಲಭ. ಆದರೆ ಕೆಂಪಿನ ಛಾಯೆಯನ್ನು ಗುರುತಿಸುವುದು ಓದಿನಿಂದ ಬಾರದು. ಆದುದರಿಂದ ಬರ್ನರು ಕೊಳ್ಳುವ ಮೊದಲು ನಿಮ್ಮ ಊರಿನ ಅಥವಾ ಹತ್ತಿರದ ಊರಿನ ಕಂಬಾರರ ಕುಲುಮೆಯ ಮುಂದೆ ನಾಲ್ಕು ದಿನ ಕುಳಿತು ತಿದಿ ಒತ್ತಬೇಕು. ಅಲಗಿನ ಆಕಾರವನ್ನು ನೀವು ಮಾಡಿಕೊಂಡು ಗಡಸು, ಹದಗಳನ್ನು ಅವರಿಂದ ಕೂಲಿ ಕೊಟ್ಟು ಮಾಡಿಸುವುದು ಹೆಚ್ಚಿನ ರೈತರಿಗೆ ಒಪ್ಪುವ ದಾರಿ. ಇದರಿಂದ ನಿಮಗೆ ಖರ್ಚು ಕಡಿಮೆ. ಕುಲುಮೆಯ ಬೆಂಕಿಯೂ ಆರದೆ ಉಳಿಯುತ್ತದೆ.

ಕೊಳ್ಳುವಾಗ ಕೇಳಬೇಕಾದ ಐದು ಪ್ರಶ್ನೆ

1. ಉಕ್ಕಿನ ಹೆಸರು ಅಥವಾ ಸಂಖ್ಯೆ ಏನು? "ಒಳ್ಳೆ ಉಕ್ಕು" ಎಂಬಷ್ಟೇ ಉತ್ತರ ಬಂದರೆ ಕೊಳ್ಳಬೇಡಿ.

2. ಅಲಗಿಗೆ ಗಡಸು, ಹದ ಆಗಿದೆಯೆ? ಆಗಿದ್ದರೆ ರಾಕ್‌ವೆಲ್ ಸಿ ಮಾಪನದಲ್ಲಿ ಎಷ್ಟು? ಸಣ್ಣ ಚಾಕುವಿಗೆ 56ರಿಂದ 60 ತಕ್ಕದ್ದು.

3. ತೂತುಗಳು ಕೊರೆದಿವೆಯೆ, ಸರಳು ಅವುಗಳಿಗೆ ಸರಿಯಾಗಿ ಕೂಡುತ್ತದೆಯೆ?

4. ಪೆಟ್ಟಿಗೆಯಲ್ಲಿಲ್ಲದ ಯಾವ ಸಾಧನವನ್ನು ಬೇರೆ ಕೊಳ್ಳಬೇಕು? ಅದರ ಬೆಲೆಯನ್ನೂ ಕೂಡಿಸಿ ಲೆಕ್ಕ ಹಾಕಬೇಕು.

5. ಅಲಗು ಒಡೆದಿದ್ದರೆ, ಸೊಟ್ಟಗಿದ್ದರೆ ಬದಲಿ ಕೊಡುತ್ತಾರೆಯೆ?

ಮೊದಲ ಪೆಟ್ಟಿಗೆಗೆ ಮೂರು ನಾಲ್ಕು ಆಳಿನ ದಿನಗೂಲಿಗಿಂತ ಹೆಚ್ಚು ಹಣ ಹಾಕದಿರುವುದು ಜಾಣತನ.

ಎಚ್ಚರಿಕೆ

ಸಾಣೆಯ ಮುಂದೆ ಕೂರುವಾಗ ಕಣ್ಣಿಗೆ ಕನ್ನಡಕ ಕಡ್ಡಾಯ. ತಿರುಗುವ ಚಕ್ರದ ಬಳಿ ಕೈಗವಸು, ಸಡಿಲ ತೋಳಿನ ಅಂಗಿ, ಹೆಗಲ ಮೇಲಿನ ವಲ್ಲಿ, ಸೆರಗು ಸಲ್ಲವು; ಚಕ್ರಕ್ಕೆ ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಹೊಸ ಸಾಣೆ ಚಕ್ರವನ್ನು ಬೆರಳಲ್ಲಿ ತೂಗುಹಾಕಿ ಮರದ ಹಿಡಿಯಿಂದ ಹಗುರವಾಗಿ ತಟ್ಟಿ. ಗಂಟೆಯಂತೆ ನಾದ ಬಾರದೆ ಒಡಕು ದನಿ ಬಂದರೆ ಅದನ್ನು ಬಳಸಬಾರದು. ಸತು ಲೇಪಿಸಿದ ತಗಡು, ಕೊಳವೆಗಳನ್ನು ಕುಲುಮೆಗೆ ಹಾಕಬಾರದು. ಅದರ ಹೊಗೆಯಿಂದ ಚಳಿಜ್ವರ ಬರುತ್ತದೆ. ಬೆಂಕಿಯ ಕೆಲಸವನ್ನು ಸೊಪ್ಪೆಯ ಬಣವೆ, ಹತ್ತಿಯ ರಾಶಿಗಳಿಂದ ದೂರದಲ್ಲಿ, ಗಾಳಿ ಇಲ್ಲದ ಹೊತ್ತಿನಲ್ಲಿ ಮಾಡಬೇಕು. ಎಣ್ಣೆ ಹೊತ್ತಿಕೊಂಡರೆ ನೀರು ಸುರಿಯದೆ ಡಬ್ಬಿಯ ಮುಚ್ಚಳ ಮುಚ್ಚಬೇಕು. ಮಕ್ಕಳನ್ನು ಹತ್ತಿರ ಬಿಡಕೂಡದು.

ಚಾಕುವಿನ ಪಾಲನೆ

ಇಂಗಾಲದ ಉಕ್ಕು ತುಕ್ಕು ಹಿಡಿಯುತ್ತದೆ. ದಿನದ ಕೆಲಸ ಮುಗಿದೊಡನೆ ತೊಳೆದು, ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಬೇಕು. ದಾಳಿಂಬೆಯಲ್ಲಿ ದುಂಡಾಣು ಅಂಗಮಾರಿ ರೋಗ ಚಾಕು, ಕತ್ತರಿಗಳ ಮೂಲಕವೂ ಗಿಡದಿಂದ ಗಿಡಕ್ಕೆ ಹರಡುತ್ತದೆ. ಆದುದರಿಂದ ಪ್ರತಿ ಗಿಡದ ನಂತರ ಅಲಗನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಬೇಕು. ಆ ದ್ರಾವಣ ಉಕ್ಕನ್ನು ತಿನ್ನುವುದರಿಂದ ಸಂಜೆ ಶುದ್ಧ ನೀರಿನಲ್ಲಿ ತೊಳೆದು ಎಣ್ಣೆ ಹಚ್ಚುವುದನ್ನು ಮರೆಯಬಾರದು.

ಕೊನೆಯದಾಗಿ

ಹಲಕುಂದಿಯ ಆ ರೈತರು ತಮ್ಮ ಎರಡು ಪಟ್ಟಿಗಳ ತುಕ್ಕು ತೆಗೆದು ಕಂಬಾರರಿಗೆ ಕೊಟ್ಟರು. ಒಂದರಿಂದ ತರಕಾರಿ ಚಾಕುವಿನ ಅಲಗು ಬಂತು, ಇನ್ನೊಂದರಿಂದ ಕುಡುಗೋಲು. ಪೆಟ್ಟಿಗೆಯ ಮರದ ಹೋಳುಗಳನ್ನು ಚಾಕುವಿಗೆ ಅವರೇ ಕೂಡಿಸಿದರು. ಕುಡುಗೋಲಿಗೆ ಜಾಲಿಯ ಹಿಡಿ ಹಾಕುವ ಮುನ್ನ ಅದನ್ನು ಹಿಡಿಯಲಿರುವ ಹೆಣ್ಣಾಳಿನ ಅಂಗೈಯನ್ನು ಅಳೆದುಕೊಂಡರು. ಬರ್ನರು ಇನ್ನೂ ಪೆಟ್ಟಿಗೆಯಲ್ಲೇ ಇದೆ. ಅದರ ಸರದಿ ಬರುವವರೆಗೆ ಅದು ಅಲ್ಲಿಯೇ ಇರುವುದು ಸರಿ.